ಓಡಿದರೆ ಮೊಣಕಾಲು ನೋವೇ? ಹೆಜ್ಜೆ ಎಣಿಸಿ ನೋಡಿ

ಹೈದರಾಬಾದಿನ ಕನ್ನಡ ಬಂಧುಗಳೇ, ಆಗಸ್ಟ್ ಮ್ಯಾರಥಾನ್‌ಗೆಂದು ನೆಕ್ಲೆಸ್ ರಸ್ತೆಯಲ್ಲಿ ಓಟ ಶುರುಮಾಡಿದ್ದೀರಾ? ಮೂರನೇ ವಾರಕ್ಕೇ ಮೊಣಕಾಲು ಹಿಡಿದುಕೊಂಡಿತೇ? ಹೊಸ ಶೂ ಕೊಳ್ಳುವ ಮುಂಚೆ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ.

ಮಾಮೂಲಿ ವೇಗದಲ್ಲಿ ಓಡುತ್ತಾ, 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲಕ್ಕೆ ತಾಗುತ್ತದೆ ಎಣಿಸಿ, 4ರಿಂದ ಗುಣಿಸಿ. 39 ಬಂದರೆ ನಿಮಿಷಕ್ಕೆ 156 ಹೆಜ್ಜೆ.

ವೇಗ ಬೇಕೆಂದು ನಾವು ಕಾಲನ್ನು ಮುಂದಕ್ಕೆ ಚಾಚುತ್ತೇವೆ. ಪಾದ ದೇಹಕ್ಕಿಂತ ಬಹಳ ಮುಂದೆ ಬಿದ್ದರೆ ಅದು ಬ್ರೇಕ್ ಹಾಕಿದಂತೆಯೇ, ಏಟು ಮೊಣಕಾಲಿಗೆ. ಅದೇ ವೇಗದಲ್ಲಿ ಹೆಜ್ಜೆ ಚಿಕ್ಕದು ಮಾಡಿ ಸಂಖ್ಯೆ ಹೆಚ್ಚಿಸಿದರೆ ಪಾದ ಸೊಂಟದ ಅಡಿಗೆ ಹತ್ತಿರ ಬೀಳುತ್ತದೆ, ಮೊಣಕಾಲಿನ ಹೊರೆ ಇಳಿಯುತ್ತದೆ.

"180 ಇರಲೇಬೇಕು" ಎಂಬ ಮಾತು ಗ್ರೂಪುಗಳಲ್ಲಿ ಸುತ್ತುತ್ತಿರುತ್ತದೆ. ಅದರ ಹಿಂದೆ ಬೀಳಬೇಡಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಎಣಿಸಿದ್ದು ದಿಗ್ಗಜರ ಸ್ಪರ್ಧೆಯ ಹೆಜ್ಜೆಗಳನ್ನು. ಆಫೀಸು ಮುಗಿಸಿ ಬಂದು ಓಡುವ ನಮ್ಮದನ್ನಲ್ಲ. ಎತ್ತರಕ್ಕೆ, ವೇಗಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. ನಿಮ್ಮದೇ ಸಂಖ್ಯೆಗೆ ಶೇ. 5 ಸೇರಿಸಿದರೆ ಸಾಕು: 156 ಇದ್ದದ್ದು 164. ಅಂದರೆ 30 ಸೆಕೆಂಡಿಗೆ ಬಲಗಾಲಿನ ಎರಡೇ ಹೆಜ್ಜೆ ಜಾಸ್ತಿ!

ಮೊದಲ ವಾರ ಒಂದೊಂದೇ ನಿಮಿಷ ಹೀಗೆ ಓಡಿ, ನಡುವೆ ಮಾಮೂಲಿ ಓಟ. ಫೋನಿನ ಮೆಟ್ರೊನೋಮ್ ಆ್ಯಪ್ ನೆರವಾಗುತ್ತದೆ. ಸಂಗೀತ ಬಲ್ಲವರಾದರೆ ಮನಸ್ಸಿನಲ್ಲೇ ತಾಳ ಹಾಕಿಕೊಳ್ಳಿ. ಮೀನಖಂಡ ಸ್ವಲ್ಪ ನೋಯಬಹುದು, ಅದಕ್ಕೆ ಹೊಸ ಕೆಲಸ ಬಿದ್ದಿದೆಯಲ್ಲ. ಬಂಜಾರಾ ಹಿಲ್ಸ್ ಏರಿನಲ್ಲಿ ಎಣಿಸಬೇಡಿ, ಸಮತಟ್ಟಿನಲ್ಲಿ ಮಾತ್ರ. ಮೊಣಕಾಲು ಊದಿಕೊಂಡಿದ್ದರೆ ಎಣಿಕೆ ಬಿಟ್ಟು ಮೊದಲು ವೈದ್ಯರನ್ನು ಕಾಣಿ.