ಎರಡು ಮೀಟರು, ಒಂದೇ ಪುಟ

ಅಪಾರ್ಟ್‌ಮೆಂಟ್ ಸಂಘಕ್ಕೆ ನಿನ್ನನ್ನೇ ಕಾರ್ಯದರ್ಶಿ ಮಾಡಿದರಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬೇರೆ ಯಾರೂ ಒಪ್ಪಿರಲಿಕ್ಕಿಲ್ಲ, ಇರಲಿ. ಬಂದ ಮೊದಲ ವಾರವೇ ಮನೆಮನೆಗೂ ಸ್ಮಾರ್ಟ್ ಮೀಟರು, ಮೊಬೈಲಿನಲ್ಲಿ ಗ್ರಾಫು ಅಂತ ಹೊರಟಿದ್ದೀಯಂತೆ. ಹಾಕಿಸು ಮಗೂ, ಬೇಡವೆನ್ನುವುದಿಲ್ಲ. ಅದಕ್ಕೆ ಮುಂಚೆ ಮೂರು ತಿಂಗಳು ಒಂದು ನೋಟ್‌ಬುಕ್ಕು, ಒಂದು ಪೆನ್ನು ಹಿಡಿದು ನೀರು, ಕರೆಂಟಿನ ಅಂಕಿ ನೀನೇ ಬರೆ.

ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ಒಂದು ವರ್ಷ ಜಯನಗರದ ನಮ್ಮ ಮನೆಯ ನೀರಿನ ಬಿಲ್ಲು ತಿಂಗಳು ತಿಂಗಳೂ ಏರತೊಡಗಿತು. ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗರು ದಿನಾ ಬಟ್ಟೆ ಒಗೆಯುತ್ತಾರೆ, ಅದಕ್ಕೇ ಹೀಗೆ ಅಂತ ನಾನೇ ತೀರ್ಪು ಕೊಟ್ಟು ನಾಲ್ಕು ಮಾತು ಅಂದುಬಿಟ್ಟೆ. ಪಾಪ, ತಿರುಗಿ ಮಾತಾಡಲಿಲ್ಲ. ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿದರು. ಬಿಲ್ಲು ಇಳಿಯಲಿಲ್ಲ. ಆಮೇಲೆ ಒಂದು ರಾತ್ರಿ 11 ಗಂಟೆಗೆ ತಾರಸಿ ಹತ್ತಿ, ಸಾವಿರ ಲೀಟರಿನ ಟ್ಯಾಂಕಿಗೆ ಕೋಲು ಇಳಿಸಿ ಗುರುತು ಮಾಡಿಟ್ಟೆ. ಬೆಳಿಗ್ಗೆ 5ಕ್ಕೆ ನೋಡಿದರೆ ಹತ್ತಿರಹತ್ತಿರ ಒಂದು ಗೇಣು ಇಳಿದಿದೆ. ಯಾರೂ ನಲ್ಲಿ ಮುಟ್ಟದ ಆರು ಗಂಟೆಯಲ್ಲಿ ಸುಮಾರು 180 ಲೀಟರ್! ನಮ್ಮದೇ ಬಚ್ಚಲಿನ ಫ್ಲಶ್ ಟ್ಯಾಂಕಿನ ವಾಷರ್ ಸವೆದಿತ್ತು. ತಿಂಗಳಿಗೆ 21 ಸಾವಿರ ಲೀಟರ್ ಸದ್ದಿಲ್ಲದೆ ಮೋರಿಗೆ. ಕ್ಷಮೆ ಕೇಳೋಣವೆಂದರೆ ಆ ಹುಡುಗರ ಹೊಸ ವಿಳಾಸ ನನ್ನ ಹತ್ತಿರ ಇರಲಿಲ್ಲ.

ಬಿಲ್ಲು ಎಷ್ಟು ಅಂತ ಹೇಳುತ್ತದೆ. ಎಲ್ಲಿ, ಯಾವಾಗ ಅಂತ ಹೇಳುವುದಿಲ್ಲ. ಎಲ್ಲರೂ ಮಲಗಿರುವಾಗಿನ ಅಂಕಿಯನ್ನು ತಪ್ಪದೆ ಬರೆ. ಕರೆಂಟಿಗೂ ಅಷ್ಟೇ. ಯಾರಿಗೂ ಬೇಡದೆ ಹಗಲೂ ರಾತ್ರಿ ಉರಿಯುವ 10 ವ್ಯಾಟ್ ವರ್ಷಕ್ಕೆ 87 ಯೂನಿಟ್ ದಾಟುತ್ತದೆ.

ನೀರಿನ ಲೆಕ್ಕ ಒಬ್ಬರು, ಕರೆಂಟಿನ ಲೆಕ್ಕ ಇನ್ನೊಬ್ಬರು ಇಡುವುದು ಸಂಘಗಳ ರೂಢಿ. ನೀನು ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆ. ಬೋರ್‌ವೆಲ್ ಪಂಪಿಗೆ ಬೇರೆ ಸಬ್‌ಮೀಟರ್ ಹಾಕಿಸು. ವಾರಕ್ಕೆ ಎಷ್ಟು ಯೂನಿಟ್ ಹೋಯಿತು, ಎಷ್ಟು ಸಾವಿರ ಲೀಟರ್ ಬಂತು, ಭಾಗಿಸು. ನೂರು ಮೀಟರ್ ಆಳದಿಂದ ಸಾವಿರ ಲೀಟರ್ ಎತ್ತಲು, ಏನೂ ಪೋಲಾಗದಿದ್ದರೂ, ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ನಿಜವಾದ ಪಂಪಿಗೆ ಅದರ ಎರಡರಷ್ಟಾದರೂ ಆಶ್ಚರ್ಯವಿಲ್ಲ. ಜನವರಿಯಿಂದ ಆ ಅಂಕಿ ಏರುತ್ತ ಹೋದರೆ ಒಂದೋ ಪಂಪು ಸವೆದಿದೆ, ಇಲ್ಲವೇ ಕೆಳಗೆ ನೀರು ಇಳಿದಿದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರಿಗಾಗಿ ಅಲೆದವರಲ್ಲಿ ನೀನೂ ಇದ್ದೆಯಲ್ಲ, ಹೇಳದೆ ಕೇಳದೆ ಬತ್ತಿತು ಅಂತ ಗೋಳಾಡಿದ್ದೆ. ಅದು ತಿಂಗಳುಗಟ್ಟಲೆ ಹೇಳುತ್ತಲೇ ಇತ್ತು, ಕರೆಂಟ್ ಮೀಟರಿನ ಬಾಯಲ್ಲಿ.

ಕಾವೇರಿ ನೀರಿನ ಕಥೆಯೂ ಇದೇ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಮೂರು ಹಂತದಲ್ಲಿ ಪಂಪ್ ಮಾಡಿ ತರುತ್ತಾರೆ. ಪೈಪಿನೊಳಗಿನ ಉಜ್ಜಾಟವೂ ಸೇರಿ ಹೆಚ್ಚುಕಡಿಮೆ 500 ಮೀಟರ್ ಎತ್ತಿದ ಲೆಕ್ಕ. ಹಾಗೆಂದರೆ ಸಾವಿರ ಲೀಟರಿಗೆ ಏನಿಲ್ಲವೆಂದರೂ 1.36 ಯೂನಿಟ್. ನನ್ನ ಆ ಹಾಳು ವಾಷರ್ ತಿಂಗಳಿಗೆ 28 ಯೂನಿಟ್ ಕರೆಂಟನ್ನೂ ತಿಂದಿತ್ತು ನೋಡು, ನನ್ನ ಬಿಲ್ಲಿಗೆ ಬಾರದೆ ಊರಿನ ಬಿಲ್ಲಿಗೆ ಸೇರಿ. ಅಲ್ಲೇ ಹತ್ತಿರದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೊರಟಿತ್ತು. ಬೀಳುವಾಗ ಕೊಟ್ಟದ್ದನ್ನು ಕಾವೇರಮ್ಮ ಏರುವಾಗ ವಾಪಸು ಕೇಳುತ್ತಿದ್ದಾಳೆ.

ಅಂಕಿಯ ಪಕ್ಕ ಒಂದು ಕಲಂ ಖಾಲಿ ಬಿಡು. ನೆಂಟರು ಬಂದದ್ದು, ಗೌರಿ ಹಬ್ಬ, ವಾಲ್ವ್ ರಿಪೇರಿ ಎಲ್ಲ ಅಲ್ಲಿಗೆ. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ನೀನು ಬರೆದದ್ದು ನಿನಗೇ ತಿಳಿಯುವುದಿಲ್ಲ. ಮತ್ತೆ, ಮನೆಮನೆಯ ಅಂಕಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡ. ಯಾರ ಮನೆ ಮೂರು ದಿನದಿಂದ ಬೀಗ ಹಾಕಿದೆ ಅನ್ನುವುದೂ ಅದರಲ್ಲಿ ಕಾಣುತ್ತದೆ. ಹೆಚ್ಚು ನೀರು ಬಳಸುವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇರಬಹುದು. ಮೊದಲು ಬಾಗಿಲು ತಟ್ಟಿ ವಿಚಾರಿಸು. ನನ್ನ ಹಾಗೆ ನಾಲ್ಕು ಮಾತು ಅನ್ನಬೇಡ.

ಭಾನುವಾರ ಬರುತ್ತೇನೆ. ಪಂಪ್ ರೂಮಿನ ಬೀಗದ ಕೈ ಇಸಿದುಕೊಂಡಿರು. ಕೋಲು ನಾನೇ ತರುತ್ತೇನೆ, ಇನ್ನೂ ಇಟ್ಟುಕೊಂಡಿದ್ದೇನೆ.