ಕವರ್ ಕೊಟ್ಟವಳು, ಕೇಳಿದವರು, ಮಾಡಿದವನು

ಸಂಜೆ ಸೊಪ್ಪಿನ ಗಾಡಿಯ ಮುಂದೆ ನಿಂತವರು ಎರಡು ಕಟ್ಟು ಪಾಲಕ್, ಒಂದು ಕಟ್ಟು ದಂಟು ಆರಿಸಿಕೊಂಡು, "ಅಮ್ಮಾ, ಒಂದು ಕವರ್ ಹಾಕಿಕೊಡಿ" ಅನ್ನುತ್ತಾರೆ. ಗಾಡಿಯಮ್ಮ ಆಚೀಚೆ ನೋಡಿ, ಒದ್ದೆ ಗೋಣಿ ಸರಿಸಿ, ಅಡಿಯಿಂದ ಕಪ್ಪು ಕವರೊಂದನ್ನು ಎಳೆಯುತ್ತಾಳೆ. ಕಾನೂನಿನ ಲೆಕ್ಕದಲ್ಲಿ ಅಲ್ಲಿಗೆ ತಪ್ಪಿತಸ್ಥರು ಇಬ್ಬರಾದರು, ಕೊಟ್ಟವಳು ಮತ್ತು ಕೇಳಿ ಪಡೆದವರು. ಮೂರನೆಯವನೂ ಒಬ್ಬನಿದ್ದಾನೆ. ಆ ಕವರ್ ಮಾಡಿ ಲೋಡುಗಟ್ಟಲೆ ಸಾಗಿಸಿದವನು ಮಾತ್ರ ಬೀದಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು, 1986ರ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಅಡಿ ಅಧಿಸೂಚನೆ ಹೊರಡಿಸಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಊಟದ ಮೇಜಿಗೆ ಹಾಸುವ ಹಾಳೆ ಇವುಗಳ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ನಿಷೇಧಿಸಿತು. ಹಾಲಿನ ಪ್ಯಾಕೆಟ್, ಕಾರ್ಖಾನೆಯಲ್ಲೇ ಸೀಲಾಗಿ ಬರುವ ಬಿಸ್ಕತ್ತಿನ ಪೊಟ್ಟಣದಂಥವು ಇದರಿಂದ ಹೊರಗೆ.

ಅಂಗಡಿಯಲ್ಲಿ ತಕರಾರು ಮಾಡಿದರೆ ಬರುವ ಉತ್ತರ ಗೊತ್ತಿರುವುದೇ: "ಇದು 120 ಮೈಕ್ರಾನ್ ಸಾರ್, ನಡೆಯುತ್ತೆ." ಈ ಅಂಕಿ ಬಂದಿದ್ದು ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಂದ. 2021ರ ತಿದ್ದುಪಡಿಯು ಚೀಲದ ಕನಿಷ್ಠ ದಪ್ಪವನ್ನು ಅದೇ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗೆ, 2022ರ ಡಿಸೆಂಬರ್ 31ರಿಂದ 120ಕ್ಕೆ ಏರಿಸಿತು. ಸ್ಟ್ರಾ, ಪ್ಲಾಸ್ಟಿಕ್ ಲೋಟ, ಸ್ವೀಟ್ ಬಾಕ್ಸಿಗೆ ಸುತ್ತುವ ತೆಳು ಹಾಳೆಯಂಥವು 2022ರ ಜುಲೈ 1ರಿಂದ ದೇಶದಾದ್ಯಂತ ನಿಂತವು. ಆದರೆ ನಮ್ಮ ರಾಜ್ಯದ ಅಧಿಸೂಚನೆ ದಪ್ಪ ಎಷ್ಟೇ ಇರಲಿ ಬೇಡ ಎನ್ನುತ್ತದೆ. ಹಾಗಾಗಿ ಇಲ್ಲಿ 120ರ ವಾದ ನಿಲ್ಲುವುದಿಲ್ಲ.

ಇನ್ನೊಂದು ಮೋಸ ಬಟ್ಟೆಯ ವೇಷದಲ್ಲಿ ಬರುತ್ತದೆ. ಸೀರೆ ಅಂಗಡಿಯಲ್ಲಿ ಕೊಡುವ ಬಣ್ಣದ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಹಾಸು ಹೊಕ್ಕಿನ ಎಳೆಗಳ ಬದಲು ಸೂಜಿಮೊನೆಯಷ್ಟು ಚುಕ್ಕಿಗಳನ್ನು ಸಾಲಾಗಿ ಒತ್ತಿದಂತೆ ಕಂಡರೆ ಅದು ಬಟ್ಟೆಯಲ್ಲ, ನಾನ್-ವೋವನ್, ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅಂಚಿನಿಂದ ದಾರ ಎಳೆದರೂ ಬಾರದು. ಚದರ ಮೀಟರಿಗೆ 60 ಗ್ರಾಂಗಿಂತ ಹಗುರವಾದದ್ದನ್ನು ಕೇಂದ್ರದ ನಿಯಮವೂ ಒಪ್ಪುವುದಿಲ್ಲ. "ಮಣ್ಣಲ್ಲಿ ಕರಗುತ್ತೆ" ಎಂದು ಕೊಟ್ಟ ಕವರಾದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ.

ಚೀಲಕ್ಕೆ ದುಡ್ಡು ಕೇಳುವ ದೊಡ್ಡ ಮಳಿಗೆಗಳದ್ದು ಬೇರೆಯೇ ಕಥೆ. ಸಾಮಾನೆಲ್ಲ ಬಿಲ್ಲಿಂಗ್ ಕೌಂಟರಿಗೆ ಬಂದ ಮೇಲೆ, ಮೊದಲು ಎಲ್ಲೂ ತಿಳಿಸದೆ ಚೀಲದ ಬೆಲೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ಹೇಳಿದೆ. ಅದು ಕಾಗದದ ಚೀಲವಾದರೂ ಅಷ್ಟೇ. ಬಿಲ್ ಎಸೆಯಬೇಡಿ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಖರೀದಿ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಮೊದಲು 1915ಕ್ಕೆ ಕರೆ ಮಾಡಿ ನೋಡಿ, ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತದೆ.

ನಿಷೇಧಿತ ಕವರಿನ ದೂರು ಎಲ್ಲಿಗೆ? ಮಾರಾಟ, ಬಳಕೆಯ ವಿಚಾರವಾದರೆ ನಗರದಲ್ಲಿ ಪಾಲಿಕೆ ಅಥವಾ ಪುರಸಭೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ತಯಾರಿಕೆಯ ವಿಚಾರವಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ದೂರಿನ ಜೊತೆ ಜಾಗ, ದಿನ, ಹೊತ್ತು, ಫೋಟೊ ಇರಲಿ. ಚೀಲದ ಮೇಲೆ ತಯಾರಕನ ಹೆಸರು, ನೋಂದಣಿ ಸಂಖ್ಯೆ, ದಪ್ಪ ಅಚ್ಚಾಗಿರಬೇಕು, ಇಲ್ಲವೇ ಕ್ಯೂಆರ್ ಕೋಡಿನಂಥ ದಾರಿಯಲ್ಲಿ ಸಿಗಬೇಕೆಂಬುದು ಕೇಂದ್ರದ ನಿಯಮ. ಗಾಡಿಯಮ್ಮನ ಕಪ್ಪು ಕವರನ್ನು ತಿರುವಿ ಹಾಕಿ, ಒಂದಕ್ಷರವೂ ಸಿಗದು. ಆ ಖಾಲಿ ಮೈಯನ್ನೂ ಫೋಟೊದಲ್ಲಿ ತೋರಿಸಿ, ಅದೇ ಇನ್ನೊಂದು ಉಲ್ಲಂಘನೆಗೆ ಸಾಕ್ಷಿ.

ಶಿಕ್ಷೆಯ ಸ್ವರೂಪ ಈಚೆಗೆ ಬದಲಾಗಿದೆ. ಪರಿಸರ ಕಾಯ್ದೆಯಲ್ಲಿದ್ದ ಐದು ವರ್ಷದವರೆಗಿನ ಜೈಲನ್ನು ಜನ ವಿಶ್ವಾಸ ಕಾಯ್ದೆ ತೆಗೆದುಹಾಕಿತು; 2024ರ ಏಪ್ರಿಲ್ 1ರಿಂದ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಉಲ್ಲಂಘನೆಗೆ ನೇರವಾಗಿ ಜೈಲಿಲ್ಲದ ಮೇಲೆ ದೊಡ್ಡ ಕುಳಗಳು ಈ ದಂಡವನ್ನೂ ವ್ಯಾಪಾರದ ಖರ್ಚಿಗೇ ಸೇರಿಸಿಕೊಂಡಾರು ಎಂಬ ಅನುಮಾನ ನನ್ನದು. ಬೀದಿಯಲ್ಲಿ ವಸೂಲಾಗುವುದು ಸ್ಥಳೀಯ ಸಂಸ್ಥೆಯ ದಂಡ. ಅದನ್ನು ಕಟ್ಟುವವರು ಮೊತ್ತ, ಯಾವ ನಿಯಮ, ಅಧಿಕಾರಿಯ ಸಹಿ ಇರುವ ರಸೀದಿ ಕೇಳಿ ಪಡೆಯಬೇಕು.

ದೂರು ಕೊಟ್ಟೂ ಏನೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕುಟುಂಬಕ್ಕೆ ಅದೂ ಬೇಡ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. ಪರಿಸರ ಕಾಯ್ದೆ ಹಸಿರು ನ್ಯಾಯಮಂಡಳಿಯ ವ್ಯಾಪ್ತಿಗೂ ಬರುತ್ತದೆ. ನಮಗೆ ಸೇರುವ ಪೀಠ ಚೆನ್ನೈನಲ್ಲಿದೆ, ವಕೀಲರಿಲ್ಲದೆಯೂ ಹೋಗಬಹುದು.

"ಎಷ್ಟು ದಂಡ ವಸೂಲಾಯಿತು" ಎಂದಷ್ಟೇ ಅರ್ಜಿಯಲ್ಲಿ ಕೇಳಿದರೆ ಗಾಡಿಯಮ್ಮಂದಿರ ರಸೀದಿಗಳ ಮೊತ್ತ ಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೀಗೆ ಬರೆಯಿರಿ: ಕಳೆದ ಆರ್ಥಿಕ ವರ್ಷದಲ್ಲಿ ನಮ್ಮ ಜಿಲ್ಲೆಯಲ್ಲಿ ಕೈಚೀಲ ತಯಾರಿಸುವ ಎಷ್ಟು ಘಟಕಗಳನ್ನು ತಪಾಸಣೆ ಮಾಡಿದ್ದೀರಿ, ಎಷ್ಟನ್ನು ಮುಚ್ಚಿಸಿದ್ದೀರಿ, ಆದೇಶಗಳ ನಕಲು ಕೊಡಿ. 150 ಪದದ ಮಿತಿಯೊಳಗೆ ಇದು ಸಲೀಸಾಗಿ ಕೂರುತ್ತದೆ.