ನಿನಗಿದು ಗೊತ್ತೆ?

ಮಧ್ಯಾಹ್ನದ ಗಂಟೆ ಬಾರಿಸಿದೆ. ಹುಡುಗರು ಬಿಸಿಯೂಟದ ತಟ್ಟೆಗಳನ್ನು ಹಿಡಿದು ಬೇವಿನ ಮರದ ನೆರಳಿನಲ್ಲಿ ಸಾಲಾಗಿ ಕುಳಿತಿದ್ದಾರೆ. ಅಷ್ಟರಲ್ಲಿ ಒಬ್ಬನು ಓಡಿಬಂದು ಗೆಳೆಯನ ಹೆಗಲನ್ನು ಹಿಡಿದು, “ಲೋ, ನಿನಗಿದು ಗೊತ್ತೇನೋ?” ಎನ್ನುತ್ತಾನೆ. ಗೆಳೆಯನ ಕೈಯಲ್ಲಿದ್ದ ತುತ್ತು ಬಾಯಿಯನ್ನು ಸೇರದೆ ಅಲ್ಲಿಯೇ ನಿಲ್ಲುತ್ತದೆ. ಅಕ್ಕಪಕ್ಕದ ನಾಲ್ಕಾರು ತಲೆಗಳು ಆ ಕಡೆಗೆ ತಿರುಗುತ್ತವೆ. ಮೂವತ್ತೈದು ವರ್ಷಗಳಿಗೂ ಮಿಕ್ಕಿ ಅಧ್ಯಾಪಕನಾಗಿದ್ದ ನಾನು ಈ ದೃಶ್ಯವನ್ನು ಎಷ್ಟು ಸಲ ಕಂಡಿರುವೆನೋ ಲೆಕ್ಕವಿಲ್ಲ. ನಾನು ಕಲಿಸಿದ ಸಂಧಿ ಸಮಾಸಗಳನ್ನು ಮರೆತ ಶಿಷ್ಯರು ಅನೇಕರಿದ್ದಾರೆ. ಮರದ ಕೆಳಗೆ ಗೆಳೆಯನ ಬಾಯಿಂದ ಕೇಳಿದ ಅಚ್ಚರಿಯನ್ನು ಮರೆತವರು ಬಹಳ ಕಡಿಮೆ.

ಇಂತಹ ಸಂಗತಿಗಳನ್ನು ಹೇಳುವುದರಿಂದ ಹೇಳುವವನಿಗೆ ಬರುವುದೇನು? ಪರೀಕ್ಷೆಯಲ್ಲಿ ಅಂಕ ಬರುವುದಿಲ್ಲ. ಜೇಬಿಗೆ ಕಾಸೂ ಬರುವುದಿಲ್ಲ. ಆದರೂ ಅಚ್ಚರಿಯನ್ನು ಒಬ್ಬನೇ ಇಟ್ಟುಕೊಂಡು ಕುಳಿತಿರುವುದು ಯಾರಿಂದಲೂ ಆಗದು. ತಾನು ಬೆರಗಾದಂತೆ ಇನ್ನೊಬ್ಬನೂ ಬೆರಗಾಗುವುದನ್ನು ಕಣ್ಣಾರೆ ಕಂಡಾಗಲೇ ಆ ಬೆರಗಿಗೆ ಒಂದು ತೃಪ್ತಿ. ಅದರ ಜೊತೆಗೆ, ನಿನಗೆ ತಿಳಿಯದಿದ್ದುದು ನನಗೆ ತಿಳಿದಿದೆ ಎಂಬ ಅಲ್ಪಸ್ವಲ್ಪ ಹೆಮ್ಮೆಯೂ ಇರುತ್ತದೆ. ಆ ಹೆಮ್ಮೆಯನ್ನು ನಾನು ದೊಡ್ಡ ದೋಷವೆನ್ನಲಾರೆ. ನನಗೂ ಅದು ಬೇಕಾದಷ್ಟು ಇತ್ತು. ಅದರ ಫಲವೇನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ದೂರದ ಅಚ್ಚರಿಗಳು ಹಾಗಿರಲಿ. ನಮ್ಮ ಊಟದ ಎಲೆಯ ಮೇಲಿನ ಒಂದನ್ನೇ ಮೊದಲು ತೆಗೆದುಕೊಳ್ಳೋಣ. ಮೆಣಸಿನಕಾಯಿ ಇಲ್ಲದ ಸಾರನ್ನು ನಾವು ಊಹಿಸಲಾರೆವು. ಆದರೆ ಮೆಣಸಿನಕಾಯಿ ನಮ್ಮ ನಾಡಿನ ಗಿಡವಲ್ಲ. ಅದರ ತವರು ಅಮೆರಿಕ ಖಂಡ. ಕೊಲಂಬಸನು 1492ರಲ್ಲಿ ಆ ಕಡೆಗೆ ಹೋದ ಮೇಲೆ, ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದ ಮೇಲೆ, ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ದೇಶವನ್ನು ಸೇರಿತು. ಬೇಲೂರಿನಲ್ಲಿ ದೇವರ ಪ್ರತಿಷ್ಠೆಯಾದದ್ದು 1117ರಲ್ಲಿ. ಆ ಮದನಿಕೆಯರನ್ನು ಕಡೆದ ಶಿಲ್ಪಿಗಳು ತಮ್ಮ ಬಾಳಿನಲ್ಲಿ ಒಂದು ಮೆಣಸಿನಕಾಯಿಯನ್ನೂ ಕಂಡವರಲ್ಲ! ಇದಕ್ಕೆ ಸಾಕ್ಷಿ ಆ ಹೆಸರಿನಲ್ಲಿಯೇ ಅಡಗಿದೆ. ನಮ್ಮ ಹಿರಿಯರಿಗೆ ಗೊತ್ತಿದ್ದ ಖಾರವೆಂದರೆ ಬಳ್ಳಿಯಲ್ಲಿ ಬಿಡುವ ಮೆಣಸು. ಹೊಸದಾಗಿ ಬಂದ ಕಾಯಿ ಮೆಣಸಿನಂತೆಯೇ ಖಾರವಾಗಿದ್ದುದರಿಂದ ಅದನ್ನು ಮೆಣಸಿನ ಕಾಯಿ ಎಂದು ಕರೆದರು. ಪರಂಗಿಹಣ್ಣಿನ ಮಾತಂತೂ ಇನ್ನೂ ಸ್ಪಷ್ಟ. ಪರಂಗಿ ಎಂದರೆ ಯೂರೋಪಿನವನು. ಅವನು ತಂದ ಹಣ್ಣು ಪರಂಗಿಹಣ್ಣು. ದಿನವೂ ನಾಲಗೆಯ ಮೇಲೆ ಹೊರಳುವ ಪದದಲ್ಲಿ ಐನೂರು ವರ್ಷಗಳ ಸಮುದ್ರಯಾನವೊಂದು ಕುಳಿತಿರುವುದು ಸಾಮಾನ್ಯವೆ?

ಕೆಲವು ಸಂಗತಿಗಳನ್ನು ಮಾತ್ರ ಎಚ್ಚರದಿಂದ ಹೇಳಬೇಕಾಗುತ್ತದೆ. ಶುಕ್ರಗ್ರಹದಲ್ಲಿ ಒಂದು ದಿನವು ಒಂದು ವರ್ಷಕ್ಕಿಂತ ದೀರ್ಘವಾದುದು ಎಂಬ ಮಾತನ್ನು ನೀವು ಕೇಳಿರಬಹುದು. ಆ ಗ್ರಹವು ಸೂರ್ಯನನ್ನು ಒಂದು ಸಲ ಸುತ್ತಿ ಬರಲು ನಮ್ಮ ಸುಮಾರು 225 ದಿನಗಳು ಬೇಕು. ತನ್ನ ಅಕ್ಷದ ಮೇಲೆ ಒಂದು ಸಲ ತಿರುಗಲು 243 ದಿನಗಳು. ಆದುದರಿಂದ ಮಾತು ನಿಜ. ಆದರೆ ಶುಕ್ರನು ಭೂಮಿಯಂತೆ ತಿರುಗದೆ ಅದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ತಿರುಗುತ್ತಾನೆ. ಆ ಕಾರಣದಿಂದ ಅಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದು ಸೂರ್ಯೋದಯಕ್ಕೆ ಇರುವ ಅಂತರ ಸುಮಾರು 117 ದಿನಗಳು ಮಾತ್ರ. ದಿನವೆಂದರೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎನ್ನುವುದಾದರೆ ಅದೇ ಮಾತು ಸುಳ್ಳಾಗುತ್ತದೆ. ಯಾವ ದಿನ ಎಂದು ಕೇಳುವ ಗೆಳೆಯನೊಬ್ಬನಿದ್ದರೆ ಹೇಳುವವನು ಇನ್ನೊಮ್ಮೆ ಪುಸ್ತಕವನ್ನು ತೆರೆಯಬೇಕಾಗುತ್ತದೆ. ಅಂತಹ ಗೆಳೆಯನು ಆ ಹೊತ್ತಿಗೆ ಕಿರಿಕಿರಿಯಾಗಿ ತೋರುತ್ತಾನೆ, ನಿಜ.

ಪುಸ್ತಕವನ್ನು ತೆರೆದರೂ ಉತ್ತರ ಸಿಗದಿದ್ದರೆ? ಐರ್ಲೆಂಡಿನಲ್ಲಿ ಒಮ್ಮೆ ಹಾಗೆಯೇ ಆಯಿತು. 1951ರ ನವೆಂಬರ್ ತಿಂಗಳಿನಲ್ಲಿ ಸರ್ ಹ್ಯೂ ಬೀವರ್ ಎಂಬವರು ವೆಕ್ಸ್‌ಫರ್ಡ್ ಪ್ರಾಂತದ ನದಿಯ ಬಯಲಿನಲ್ಲಿ ಗೆಳೆಯರೊಡನೆ ಬೇಟೆಗೆ ಹೋಗಿದ್ದರು. ಅವರು ಗಿನ್ನೆಸ್ ಎಂಬ ಹೆಸರಾಂತ ಬಿಯರ್ ತಯಾರಿಕೆಯ ಸಂಸ್ಥೆಯ ಮುಖ್ಯಾಧಿಕಾರಿ. ಗೋಲ್ಡನ್ ಪ್ಲವರ್ ಎಂಬ ಹಕ್ಕಿ, ನಮ್ಮ ಹೊಲಗಳಲ್ಲಿ ಕೂಗುವ ಟಿಟ್ಟಿಭದ ಬಳಗಕ್ಕೆ ಸೇರಿದುದು, ಅವರ ಗುಂಡಿಗೆ ಸಿಕ್ಕದೆ ಹಾರಿಹೋಯಿತು. ಸಂಜೆ ಚರ್ಚೆ ಹುಟ್ಟಿತು: ಯೂರೋಪಿನ ಬೇಟೆಯ ಹಕ್ಕಿಗಳಲ್ಲಿ ಅತ್ಯಂತ ವೇಗವಾಗಿ ಹಾರುವುದು ಯಾವುದು? ಪ್ಲವರೋ, ಗ್ರೌಸ್ ಎಂಬ ಇನ್ನೊಂದು ಹಕ್ಕಿಯೋ? ಒಬ್ಬರು ಹೀಗೆಂದರು, ಮತ್ತೊಬ್ಬರು ಹಾಗೆಂದರು. ಇದ್ದ ಪುಸ್ತಕಗಳನ್ನೆಲ್ಲ ತಿರುವಿದರೂ ವಿವಾದ ತೀರಲಿಲ್ಲ. ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಟ್ಟು ಮಲಗುತ್ತಿದ್ದರು. ಬೀವರ್ ಅವರಿಗಾದರೋ, ಜನರು ಸೇರಿ ಹರಟುವ ಕಡೆಗಳಲ್ಲೆಲ್ಲ ಪ್ರತಿ ರಾತ್ರಿಯೂ ಇಂತಹ ಎಷ್ಟು ವಾದಗಳು ತೀರ್ಪಿಲ್ಲದೆ ಉಳಿಯುತ್ತಿರಬಹುದು ಎಂಬ ಯೋಚನೆ ಬಂದಿತು.

ಲಂಡನ್ನಿನಲ್ಲಿ ಪತ್ರಿಕೆಗಳಿಗೆ ಅಂಕಿ ಸಂಗತಿಗಳನ್ನು ಹುಡುಕಿ ಒದಗಿಸುತ್ತಿದ್ದ ನಾರಿಸ್ ಮತ್ತು ರಾಸ್ ಮ್ಯಾಕ್‌ವರ್ಟರ್ ಎಂಬ ಅವಳಿ ಸೋದರರಿಗೆ ಅವರು ಕೆಲಸವನ್ನು ಒಪ್ಪಿಸಿದರು. 198 ಪುಟಗಳ ಮೊದಲ ಪ್ರತಿ 1955ರ ಆಗಸ್ಟ್ 27ರಂದು ಸಿದ್ಧವಾಯಿತು. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳ ಸಾಲಿನಲ್ಲಿ ಅದೇ ಮೊದಲನೆಯದು. ಇಂದು ಲೋಕವೆಲ್ಲ ಬಲ್ಲ ಗಿನ್ನೆಸ್ ದಾಖಲೆಗಳ ಪುಸ್ತಕ ಹುಟ್ಟಿದ್ದು ಹೀಗೆ, ಗುರಿ ತಪ್ಪಿದ ಒಂದು ಗುಂಡಿನಿಂದ.

ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರೂ ಈ ಪುಸ್ತಕದಲ್ಲಿ ಸ್ಥಾನ ಪಡೆದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು ಅವರು ಮನಸ್ಸಿನಲ್ಲಿಯೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರವನ್ನು ಹೇಳಿದರು. ಈ ಸಂಗತಿಯಲ್ಲಿ ನನಗೆ ಪ್ರಿಯವಾದುದು ವೇಗ ಮಾತ್ರವಲ್ಲ. ಸಂಖ್ಯೆಗಳನ್ನು ಅವರೇ ತಂದಿರಲಿಲ್ಲ. ಕಂಪ್ಯೂಟರ್ ವಿಭಾಗದವರು ಆರಿಸಿ ಕೊಟ್ಟಿದ್ದರು. ನೋಡುವವರ ಎದುರಿಗೆ, ಬೇರೆಯವರು ಕೊಟ್ಟ ಲೆಕ್ಕವನ್ನು ಮಾಡಿ ತೋರಿಸಿದ್ದು. ಸಂದೇಹವಿದ್ದವರು ಕಾಗದ ಪೆನ್ಸಿಲು ಹಿಡಿದು ಕುಳಿತರೆ ಉತ್ತರ ಸರಿಯೋ ತಪ್ಪೋ ತಿಳಿಯುತ್ತದೆ.

ಎಲ್ಲ ಅಚ್ಚರಿಗಳಿಗೂ ಇಂತಹ ಪರೀಕ್ಷೆ ನಡೆದಿರುವುದಿಲ್ಲ. ಅಮೆರಿಕದಲ್ಲಿ ರಾಬರ್ಟ್ ರಿಪ್ಲಿ ಎಂಬ ಚಿತ್ರಗಾರನಿದ್ದ. ‘ನಂಬಿದರೆ ನಂಬಿ, ಬಿಟ್ಟರೆ ಬಿಡಿ’ ಎಂಬ ಅರ್ಥದ ಹೆಸರಿನಲ್ಲಿ ವಿಚಿತ್ರ ಸಂಗತಿಗಳನ್ನು ಚಿತ್ರಿಸಿ ಪತ್ರಿಕೆಗಳಲ್ಲಿ ಪ್ರಕಟಿಸುತ್ತಿದ್ದ. ಊರೂರು ತಿರುಗಿ ಹೆಸರು ಪಡೆದವನು ಅವನು. ಅವನಿಗೆ ಸಂಗತಿಗಳನ್ನು ಒದಗಿಸಿದವನು ನಾರ್ಬರ್ಟ್ ಪರ್ಲ್‌ರಾತ್ ಎಂಬ ಬಹುಭಾಷಾವಿದ. 1923ರಿಂದ 1975ರವರೆಗೆ, ಅಂದರೆ ರಿಪ್ಲಿ ತೀರಿಕೊಂಡ ಅನಂತರವೂ, ಅವನು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಓದಿದನು. ಅಷ್ಟು ಓದಿನ ಬೆಂಬಲವಿದ್ದರೂ 1932ರಲ್ಲಿ ಆ ಚಿತ್ರಮಾಲೆಯಲ್ಲಿ ಒಂದು ಮಾತು ಬಂದಿತು: ಚಂದ್ರನಿಂದ ಬರಿಗಣ್ಣಿಗೆ ಕಾಣಬಹುದಾದ ಮನುಷ್ಯನ ಕೃತಿ ಒಂದೇ, ಅದು ಚೀನದ ಮಹಾಗೋಡೆ. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ನೋಡುವವನು ಅಲ್ಲಿಗೆ ಹೋಗುವುದಕ್ಕೆ ಮೂವತ್ತೇಳು ವರ್ಷ ಮೊದಲೇ ನೋಟದ ವರ್ಣನೆ ಅಚ್ಚಾಗಿತ್ತು! ಇನ್ನೂ ಹಿಂದೆ, 1754ರಲ್ಲಿಯೇ, ವಿಲಿಯಂ ಸ್ಟೂಕ್ಲಿ ಎಂಬ ಇಂಗ್ಲಿಷ್ ವಿದ್ವಾಂಸನು ಒಂದು ಪತ್ರದಲ್ಲಿ ಈ ಊಹೆಯನ್ನು ಬರೆದಿದ್ದನು. ಕೇಳಲು ಸೊಗಸಾಗಿದ್ದುದರಿಂದ ಕೇಳಿದವರೆಲ್ಲ ಅದನ್ನು ಮುಂದಿನವರಿಗೆ ದಾಟಿಸಿದರು.

ಹಾಗೆ ದಾಟಿಸಿದವರಲ್ಲಿ ನಾನೂ ಒಬ್ಬ.

ಅದು 1984ನೆಯ ಇಸವಿ. ನಾನು ಅಧ್ಯಾಪಕನಾಗಿ ಹೆಚ್ಚು ಕಾಲವಾಗಿರಲಿಲ್ಲ. ಆ ಏಪ್ರಿಲ್ ತಿಂಗಳಿನಲ್ಲಿ ರಾಕೇಶ್ ಶರ್ಮ ಅವರು ಅಂತರಿಕ್ಷಕ್ಕೆ ಹೋಗಿ ಬಂದಿದ್ದರು. ಬೇಸಿಗೆಯ ರಜೆ ಮುಗಿದು ಶಾಲೆ ತೆರೆದಾಗ ಮಕ್ಕಳ ಬಾಯಲ್ಲಿ ಅದೇ ಮಾತು. ಪಾಠವನ್ನು ಬದಿಗಿಟ್ಟು ನಾನು, “ಮಕ್ಕಳೇ, ನಿಮಗಿದು ಗೊತ್ತೆ?” ಎಂದು ಆರಂಭಿಸಿ ಮಹಾಗೋಡೆಯ ವಿಷಯವನ್ನು ಹೇಳಿದೆ. ತರಗತಿ ಬೆರಗಾಗಿ ಕೇಳಿತು. ಕೊನೆಯ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತನು.

“ಸಾರ್, ಆ ಗೋಡೆ ಎಷ್ಟು ಅಗಲ ಇದೆ?”

“ಸಾವಿರಾರು ಮೈಲಿ ಉದ್ದವಿದೆ” ಎಂದೆ.

“ಉದ್ದ ಅಲ್ಲ ಸಾರ್, ಅಗಲ.”

ಅಗಲ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಮಕ್ಕಳ ಎದುರಿಗೆ ಹೇಳುವ ಮನಸ್ಸಾಗದೆ, “ಅಧಿಕಪ್ರಸಂಗ ಸಾಕು, ಕುಳಿತುಕೊ” ಎಂದು ಗದರಿಸಿದೆ. ತರಗತಿ ಗೊಳ್ಳೆಂದು ನಕ್ಕಿತು. ಅವನು ಕುಳಿತನು.

2003ರ ಅಕ್ಟೋಬರಿನಲ್ಲಿ ಚೀನದ ಪ್ರಥಮ ಗಗನಯಾತ್ರಿ ಯಾಂಗ್ ಲಿವೇ ಭೂಮಿಯನ್ನು ಸುತ್ತಿ ಬಂದನು. ತನ್ನ ದೇಶದ ಮಹಾಗೋಡೆ ತನಗೆ ಕಾಣಲಿಲ್ಲವೆಂದು ಅವನು ಹೇಳಿದನು. ಅವನು ಹೋಗಿದ್ದುದು ಚಂದ್ರನವರೆಗಲ್ಲ, ಭೂಮಿಯಿಂದ ಕೆಲವು ನೂರು ಕಿಲೋಮೀಟರು ಎತ್ತರಕ್ಕೆ ಮಾತ್ರ. ಅಲ್ಲಿನ ಶಾಲಾಪುಸ್ತಕದಲ್ಲಿಯೂ ಈ ಮಾತು ಅಚ್ಚಾಗಿದ್ದು, ಅದನ್ನು ತಿದ್ದಬೇಕೆಂಬ ಚರ್ಚೆ ಎದ್ದಿತಂತೆ. ಪತ್ರಿಕೆಯಲ್ಲಿ ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಗೋಡೆಯಲ್ಲ, ಆ ಹುಡುಗ.

ಅವನ ಪ್ರಶ್ನೆ ಎಷ್ಟು ಸರಿಯಾಗಿತ್ತೆಂಬುದನ್ನು ನೋಡಿ. ವಿದ್ಯುತ್ತಿನ ತಂತಿ ಊರಿಂದೂರಿಗೆ ಹತ್ತಾರು ಮೈಲಿ ಉದ್ದ ಇರುತ್ತದೆ. ಆದರೂ ಎದುರಿನ ಬೆಟ್ಟದ ಮೇಲೆ ನಿಂತರೆ ಅದು ಕಾಣುವುದಿಲ್ಲ. ದೂರದಿಂದ ಒಂದು ವಸ್ತು ಕಣ್ಣಿಗೆ ಬೀಳಬೇಕಾದರೆ ಉದ್ದವೊಂದೇ ಸಾಲದು, ಅಗಲವೂ ಬೇಕು. ಮಹಾಗೋಡೆಯ ಅಗಲ ಎಂಟು ಹತ್ತು ಮೀಟರನ್ನು ಮೀರುವುದು ಅಪರೂಪ. ಚಂದ್ರನಿರುವುದು ಸುಮಾರು 3,84,000 ಕಿಲೋಮೀಟರು ದೂರದಲ್ಲಿ. ಲೆಕ್ಕ ಹಾಕಿದರೆ, ಅಲ್ಲಿಂದ ಗೋಡೆಯನ್ನು ಕಾಣುವುದೂ ಒಂದು ತಲೆಗೂದಲನ್ನು ನಾಲ್ಕು ಕಿಲೋಮೀಟರು ದೂರದಿಂದ ಕಾಣುವುದೂ ಹೆಚ್ಚುಕಡಿಮೆ ಒಂದೇ. ಈ ಲೆಕ್ಕಕ್ಕೆ ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನದೇನೂ ಬೇಡ. 1984ರಲ್ಲಿ, ಆ ತರಗತಿಯಲ್ಲಿ, ಸೀಮೆಸುಣ್ಣವನ್ನು ಹಿಡಿದು ಕಪ್ಪುಹಲಗೆಯ ಮೇಲೆಯೇ ಮಾಡಬಹುದಾಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನೇ ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೆ. ನಾನು ಆ ದಿನ ಹೇಳಿದ್ದನ್ನಾದರೋ ಯಾರೂ ಪ್ರತ್ಯಕ್ಷ ಕಂಡೂ ಇರಲಿಲ್ಲ. ಮಕ್ಕಳು ನಂಬಿದ್ದು ಗೋಡೆಯನ್ನಲ್ಲ, ನನ್ನನ್ನು.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ಆತ ಸಿಕ್ಕಿದ. ತಲೆ ಅರ್ಧ ನರೆತಿತ್ತು. ಪಂಪ್‌ಸೆಟ್ಟು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೇನೆ ಎಂದ. ನಾನು ಬಹಳ ಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದೆ: “ಆ ದಿನ ನೀನು ಕೇಳಿದ್ದು ಸರಿಯಾಗಿತ್ತಪ್ಪ. ನನಗೇ ತಿಳಿದಿರಲಿಲ್ಲ.” ಆತ ಮರೆತಿರಬಹುದೆಂದು ನನ್ನ ಎಣಿಕೆಯಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಮೇಲೆ ನಾನು ತರಗತಿಯಲ್ಲಿ ಏನನ್ನೂ ಕೇಳಲಿಲ್ಲ ಸಾರ್” ಎಂದ. ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಆತನ ಮಗಳು ಅಲ್ಲಿಗೆ ಬಂದಳು. ಒಂಬತ್ತನೆಯ ತರಗತಿ. “ನಮ್ಮ ಮೇಷ್ಟ್ರಮ್ಮ, ನಮಸ್ಕಾರ ಮಾಡು” ಎಂದ. ಅಭ್ಯಾಸಬಲವೆನ್ನಿ, ನನ್ನ ಬಾಯಿ ಸುಮ್ಮನಿರಲಿಲ್ಲ. ಚಪ್ಪರದ ಬಾಗಿಲಿಗೆ ಗೊನೆಯ ಸಹಿತ ಕಟ್ಟಿದ್ದ ಬಾಳೆಯ ಕಂಬವನ್ನು ತೋರಿಸಿ, “ನಿನಗಿದು ಗೊತ್ತೇನಮ್ಮ? ನಾವು ಬಾಳೆಯ ಕಂಬವೆನ್ನುವುದು ಮರದ ಕಾಂಡದಂತಹುದಲ್ಲ. ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡ ಅದು. ಬಾಳೆಯ ಕಾಂಡವಿರುವುದು ನೆಲದೊಳಗಿನ ಗಡ್ಡೆಯಲ್ಲಿ” ಎಂದೆ.

ಹುಡುಗಿ ನನ್ನ ಮುಖವನ್ನೊಮ್ಮೆ ನೋಡಿದಳು. ಏನೂ ಹೇಳದೆ ಬಾಗಿಲ ಬಳಿಗೆ ಹೋದಳು. ಕಂಬದ ಬುಡದಲ್ಲಿ ಉಗುರಿನಿಂದ ಒಂದು ಪಟ್ಟೆಯನ್ನು ಬಿಡಿಸಿದಳು, ಅದರ ಒಳಗಿನ ಇನ್ನೊಂದನ್ನು ಬಿಡಿಸಿದಳು. ಪಕ್ಕದಲ್ಲಿ ಕಡಿದು ಬಿಸುಟಿದ್ದ ಒಂದು ತುಂಡು ಅವಳ ಕಣ್ಣಿಗೆ ಬಿದ್ದಿತು. ಅದನ್ನು ಎತ್ತಿ ತಂದು ಕೊಯ್ದ ಮುಖವನ್ನು ನನಗೆ ತೋರಿಸುತ್ತ, “ಸುತ್ತಲಿನದು ಎಲೆಯ ಬುಡ, ಸರಿ. ನಡುವೆ ಬೆಳ್ಳಗೆ ಗುಂಡಗೆ ಇದೆಯಲ್ಲ ತಾತ, ಇದೂ ಎಲೆಯೇ?” ಎಂದಳು.

ಅದು ದಿಂಡು. ಹೂವನ್ನು ಹೊತ್ತು ಗಡ್ಡೆಯಿಂದ ಮೇಲಕ್ಕೆ ಬಂದ ದಂಟು. “ಇಲ್ಲಮ್ಮ, ಅದು ಎಲೆಯಲ್ಲ. ಅದನ್ನು ಹೇಳುವುದನ್ನೇ ನಾನು ಬಿಟ್ಟಿದ್ದೆ” ಎಂದು, ಕನ್ನಡಕವನ್ನು ಸರಿಪಡಿಸಿಕೊಂಡು, ಅವಳ ಪಕ್ಕದಲ್ಲಿ ಬಗ್ಗಿ ನೋಡಿದೆ. ಅವಳ ತಂದೆಯೂ ಬಂದು ಬಗ್ಗಿದ.